ಒಂದು ಸಿಮ್ ಕಾರ್ಡ್ ಮತ್ತು ಆಸ್ಟ್ರೇಲಿಯದ ಆತ್ಮವಿಮರ್ಶೆ

ಭಯೋತ್ಪಾದನೆಯ ವಿರುದ್ಧದ ಜಾಗತಿಕ ಸಮರದಲ್ಲಿ ಅಮೆರಿಕದ ಬೆನ್ನಿಗೆ ನಿಂತ ರಾಷ್ಟ್ರಗಳಲ್ಲಿ ಆಸ್ಟ್ರೇಲಿಯವೂ ಒಂದು. ಅಫ್ಘಾನಿಸ್ತಾನ ಮತ್ತು ಇರಾಕ್‌ಗೆ ಸೈನ್ಯ ಕಳುಹಿಸಿದ ಜಾನ್ ಹೋವರ್ಡ್ ಸರಕಾರ ದೇಶದೊಳಗೂ ಕಠಿಣ ಕಾನೂನುಗಳನ್ನು ತಂದಿತು. ಆ ಕಾನೂನುಗಳು ಯಾರನ್ನು ಹಿಡಿದವು ಎಂದು ಕೇಳಿದರೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಮೂಡಿಗೆರೆ ಮೂಲದ ವೈದ್ಯ ಡಾ. ಮುಹಮ್ಮದ್ ಹನೀಫ್. ಆ ಪ್ರಕರಣದ ಬಗ್ಗೆ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ನೀಡಿದ ವರದಿ 2008ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದನ್ನು ಇಂದಿಗೂ ಓದಬೇಕಾದ ಕಾರಣಗಳಿವೆ.

2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಕಫೀಲ್ ಅಹ್ಮದ್ ಉರಿಯುವ ಜೀಪು ನುಗ್ಗಿಸಿದ. ಅದು ಖಂಡನೀಯ ಕೃತ್ಯ; ಅದರಲ್ಲಿ ಎರಡು ಮಾತಿಲ್ಲ. ಎರಡು ದಿನಗಳ ಬಳಿಕ, ಹೆತ್ತ ಮಗುವಿನ ಮುಖ ನೋಡಲು ಬೆಂಗಳೂರಿಗೆ ಹೊರಟಿದ್ದ ಹನೀಫ್‌ರನ್ನು ಬ್ರಿಸ್ಬೇನ್‌ನಲ್ಲಿ ಬಂಧಿಸಲಾಯಿತು. ಬ್ರಿಟನ್ ಬಿಡುವಾಗ ದೂರದ ಸಂಬಂಧಿ, ಕಫೀಲನ ತಮ್ಮ ಸಬೀಲ್‌ಗೆ ಸಿಮ್ ಕಾರ್ಡ್ ಕೊಟ್ಟದ್ದೇ ಅಪರಾಧವಾಯಿತು. ಆ ಸಿಮ್ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ಸಬೀಲನ ಬಳಿ.

ಆರೋಪಪಟ್ಟಿಯಿಲ್ಲದೆ 12 ದಿನ ಬಂಧನ. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದುಪಡಿಸಿದರು. ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳ ದಾಖಲೆಯನ್ನು ಪತ್ರಿಕೆಗೆ ಕೊಟ್ಟ ಮೇಲೆ ಕತೆ ತಿರುವು ಪಡೆಯಿತು. ಜುಲೈ 27ರಂದು ಪ್ರಕರಣ ಹಿಂತೆಗೆಯಲಾಯಿತು.

ಹನೀಫ್ ವಿರುದ್ಧ ಯಾವ ಸಾಕ್ಷ್ಯವೂ ಇರಲಿಲ್ಲವೆಂದು ಕ್ಲಾರ್ಕ್ ಸ್ಪಷ್ಟವಾಗಿ ಬರೆದರು. ಗುಪ್ತಚರ ಸಂಸ್ಥೆಯೇ ಇದನ್ನು ಸರಕಾರಕ್ಕೆ ತಿಳಿಸಿತ್ತೆಂಬುದೂ ಬಯಲಾಯಿತು. ಇದು ವರದಿಯ ಹಿರಿಮೆ. ಆದರೆ ಸಾಕ್ಷಿಗಳನ್ನು ಕಡ್ಡಾಯವಾಗಿ ಕರೆಸುವ ಅಧಿಕಾರ ಅವರಿಗಿರಲಿಲ್ಲ. ಸಚಿವರ ಹಿಂದೆ ದುರುದ್ದೇಶ ಕಾಣಲಿಲ್ಲವೆಂದು ಹೇಳಿ ಅವರು ನಿಂತುಬಿಟ್ಟರು. ದುರುದ್ದೇಶವಿಲ್ಲದೆಯೇ ಒಬ್ಬ ನಿರಪರಾಧಿಯ ಬದುಕು ಹಾಳಾಗುತ್ತದೆಂದಾದರೆ, ತಪ್ಪು ವ್ಯಕ್ತಿಯದಲ್ಲ, ಸಂಶಯವನ್ನೇ ಸಾಕ್ಷ್ಯವೆಂದು ಒಪ್ಪುವ ವ್ಯವಸ್ಥೆಯದು. ಆ ಪ್ರಶ್ನೆಯ ಹೊಸ್ತಿಲಲ್ಲೇ ವರದಿ ಮುಗಿಯುತ್ತದೆ.

ಆದರೂ ಆಸ್ಟ್ರೇಲಿಯ ತನ್ನ ತಪ್ಪನ್ನು ಲೆಕ್ಕ ಹಾಕಿತು. 2010ರಲ್ಲಿ ಪರಿಹಾರ ಕೊಟ್ಟಿತು. ಬಂಧನದ ಲೆಕ್ಕಕ್ಕೆ ಸೇರದ 'ಬಿಡುವಿನ' ಅವಧಿಗೆ ಏಳು ದಿನಗಳ ಮಿತಿ ಹಾಕಿತು. ಭಯೋತ್ಪಾದನಾ ಕಾನೂನುಗಳ ಮೇಲೆ ಕಣ್ಣಿಡಲು ಸ್ವತಂತ್ರ ಪರಿಶೀಲಕರ ಹುದ್ದೆ ಸೃಷ್ಟಿಸಿತು.

ನಾವೇನು ಮಾಡಿದೆವು? ಅಲ್ಲಿ 12 ದಿನಕ್ಕೆ ದೇಶವೇ ತಲೆತಗ್ಗಿಸಿತು. ಇಲ್ಲಿ 2008ರ ಯುಎಪಿಎ ತಿದ್ದುಪಡಿ ಆರೋಪಪಟ್ಟಿಯಿಲ್ಲದೆ 180 ದಿನ ಇರಿಸಲು ಅವಕಾಶ ಕೊಟ್ಟಿದೆ. 2012ರಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಯುವ ಪತ್ರಕರ್ತನೊಬ್ಬ ಸುಮಾರು ಆರು ತಿಂಗಳು ಜೈಲಿನಲ್ಲಿದ್ದು, ಆರೋಪಪಟ್ಟಿಯಲ್ಲಿ ಹೆಸರೇ ಇಲ್ಲದೆ 2013ರಲ್ಲಿ ಹೊರಬಂದ. ಅವನಿಗಾಗಿ ಒಬ್ಬ ಕ್ಲಾರ್ಕ್ ಬರಲಿಲ್ಲ.

ಕಫೀಲ್ ಇಂಜಿನಿಯರಿಂಗ್ ಓದಿದ್ದು ದಾವಣಗೆರೆಯಲ್ಲಿ. ಕೆರೆಬಿಳಚಿಯಿಂದಲೋ ಚನ್ನಗಿರಿಯಿಂದಲೋ ಅದೇ ಜಿಲ್ಲಾ ಕೇಂದ್ರಕ್ಕೆ ಓದಲು ಹೋಗುವ ಹುಡುಗ ಅವನ ಅಪರಾಧಕ್ಕೆ ಉತ್ತರದಾಯಿಯಲ್ಲ. ಆ ಹುಡುಗ ನಿಶ್ಚಿಂತೆಯಿಂದ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತುವಂತಾದರೆ ಮಾತ್ರ ಭಯೋತ್ಪಾದನೆಯ ವಿರುದ್ಧದ ಹೋರಾಟ ನ್ಯಾಯದ ಹೋರಾಟವಾದೀತು.