ಕಿತ್ತೂರಿನ ಅಂತಃಕಲಹವೂ ಚಲಚ್ಚಿತ್ರದ ವೀರರಸವೂ

ಕಿತ್ತೂರು ಕೋಟೆಗೆ ಎರಡು ಹರದಾರಿಯೊಳಗಿರುವ ದೇಗಾಂವ ಗ್ರಾಮವು ಕಮಲನಾರಾಯಣ ದೇವಾಲಯದಿಂದಾಗಿ ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುದು. ಗೋವೆಯ ಕದಂಬವಂಶದ ಶಿವಚಿತ್ತ ಪೆರ್ಮಾಡಿಯ ರಾಣಿಯಾದ ಕಮಲಾದೇವಿಯು ಕ್ರಿ. ಶ. 12ನೆಯ ಶತಮಾನದಲ್ಲಿ ಈ ಗುಡಿಯನ್ನು ಕಟ್ಟಿಸಿದಳು. ಇಲ್ಲಿಯ ಶಾಸನದಲ್ಲಿ ಸಂಸ್ಕೃತವೂ ಕನ್ನಡವೂ ಜತೆಗೂಡಿ ಆಕೆಯ ಧರ್ಮಕಾರ್ಯವನ್ನು ಹೇಳುತ್ತವೆ. ಅದೇ ನೆಲದಲ್ಲಿ ಆರೂವರೆ ಶತಮಾನಗಳ ತರುವಾಯ ಆಳಿದ ಇನ್ನೊಬ್ಬ ರಾಣಿಗೆ ಇಂತಹ ಕಲ್ಲಿನ ಸಾಕ್ಷ್ಯವು ದೊರೆಯಲಿಲ್ಲ. ಕಿತ್ತೂರ ಚೆನ್ನಮ್ಮನ ವೃತ್ತಾಂತವನ್ನು ಹೇಳತಕ್ಕವು ಮುಖ್ಯವಾಗಿ ಮೂರು: ಶತ್ರುಗಳಾದ ಕಂಪನಿಯವರ ಕಾಗದಪತ್ರಗಳು, ಹಳ್ಳಿಗರ ಲಾವಣಿಗಳು, ಮತ್ತು ಈಚಿನದಾದರೂ ಇವೆರಡನ್ನೂ ಮೀರಿ ಜನಮನದಲ್ಲಿ ನೆಲೆಗೊಂಡಿರುವ 1961ರ ಚಲಚ್ಚಿತ್ರ. ಪದ್ಮಿನಿ ಪಿಕ್ಚರ್ಸಿನವರದೂ ಬಿ. ಆರ್. ಪಂತುಲು ಅವರ ನಿರ್ದೇಶನದ್ದೂ ಆದ ಈ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿಯೂ ರಾಜಕುಮಾರರು ಮಲ್ಲಸರ್ಜನಾಗಿಯೂ ಅಭಿನಯಿಸಿದ್ದಾರೆ. ಇಂದು ಶಾಲೆಯ ಬಾಲಕನು ಕಿತ್ತೂರೆಂದೊಡನೆ ಕಣ್ಣಮುಂದೆ ತಂದುಕೊಳ್ಳುವುದು ಈ ಚಿತ್ರವನ್ನೇ. ಆದುದರಿಂದ ಇದರಲ್ಲಿ ಇತಿಹಾಸವು ಯಾವ ರೂಪವನ್ನು ತಾಳಿದೆಯೆಂಬುದು ಉಪೇಕ್ಷಿಸತಕ್ಕ ವಿಷಯವಲ್ಲ.

ದೃಶ್ಯಕಾವ್ಯವು ಇತಿಹಾಸದ ಪಡಿಯಚ್ಚಾಗಿರಬೇಕೆಂದು ಯಾವ ಆಲಂಕಾರಿಕನೂ ಹೇಳಿಲ್ಲ. ರಸಕ್ಕೆ ಪ್ರತಿಕೂಲವಾದ ಇತಿವೃತ್ತವನ್ನು ಕವಿಯು ಬಿಡಬಹುದು, ಇಲ್ಲವೆ ಬೇರೆಯಾಗಿ ಕಲ್ಪಿಸಿಕೊಳ್ಳಬಹುದು ಎಂಬುದು ಆನಂದವರ್ಧನ ಧನಂಜಯರಿಬ್ಬರಿಗೂ ಸಮ್ಮತವಾದ ಮಾತು. ಮಾಯುರಾಜನು ಉದಾತ್ತರಾಘವದಲ್ಲಿ ಕಪಟದಿಂದಾದ ವಾಲಿವಧೆಯನ್ನು ಕೈಬಿಟ್ಟನೆಂದೂ, ಭವಭೂತಿಯು ಮಹಾವೀರಚರಿತದಲ್ಲಿ ವಾಲಿಯನ್ನು ರಾವಣನ ಮಿತ್ರನನ್ನಾಗಿ ಮಾಡಿ ತಾನಾಗಿಯೇ ರಾಮನ ಮೇಲೆ ಬರುವಂತೆ ಮಾರ್ಪಡಿಸಿದನೆಂದೂ ಧನಿಕನು ಉದಾಹರಿಸಿದ್ದಾನೆ. ಹೀಗಿರುವಲ್ಲಿ ಪಂತುಲು ಅವರು ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಎತ್ತಿ ಆಡುವುದು ವಿಮರ್ಶೆಯಾಗದು. ಬಿಟ್ಟುದರಿಂದ ರಸವು ಪುಷ್ಟವಾಯಿತೋ ಬಡವಾಯಿತೋ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಮೊದಲು ವೃತ್ತಾಂತವನ್ನು ನೋಡಬೇಕು. ಮಲ್ಲಸರ್ಜ ದೇಸಾಯಿಯು ಪೇಶವೆ ಎರಡನೆಯ ಬಾಜೀರಾಯನ ಸೆರೆಯಲ್ಲಿ ನೊಂದು 1816ರಲ್ಲಿ ತೀರಿಕೊಂಡನು. ಹಿರಿಯ ಹೆಂಡತಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. 1818ರಲ್ಲಿ ಕಂಪನಿಗೂ ಪೇಶವೆಗೂ ಯುದ್ಧವಾದಾಗ ಕಿತ್ತೂರು ನಿಂತದ್ದು ಕಂಪನಿಯ ಪಕ್ಷದಲ್ಲಿ. ಬೆಳಗಾವಿಯ ಕೋಟೆಯನ್ನು ಮುತ್ತಿದ ಮನ್ರೋಗೆ ನೆರವಾಗಿ ಸಂಸ್ಥಾನವು ತನ್ನ ಹಕ್ಕನ್ನು ಸ್ಥಿರಪಡಿಸಿಕೊಂಡಿತು. ತಂದೆಯನ್ನು ಸೆರೆಯಿಟ್ಟವನ ಮೇಲೆ ಮಗನು ತೀರಿಸಿಕೊಂಡ ಸೇಡೆಂದು ಇದನ್ನು ಎಣಿಸಬಹುದು. ರಾಜಕಾರಣದ ಲೆಕ್ಕಾಚಾರವೆಂದೂ ಎಣಿಸಬಹುದು. ಎಂತಾದರೂ 1824ರಲ್ಲಿ ಕೋಟೆಯ ಬಾಗಿಲಿಗೆ ಬಂದ ಶತ್ರುವು ಆರು ವರ್ಷಗಳ ಹಿಂದಿನ ಮಿತ್ರನೇ ಆಗಿದ್ದನು. ಆ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆಯಿಂದ ಬಂದ ದತ್ತಕನನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪದೆ ಭಂಡಾರಕ್ಕೆ ಮುದ್ರೆ ಹಾಕಿಸಿದನು. (ದತ್ತಕನಿರಾಕರಣವನ್ನು ಕಂಡೊಡನೆ ಡಾಲ್‌ಹೌಸಿಯ ನೀತಿಯನ್ನು ಇಲ್ಲಿಗೆ ತಂದು ಹೊಂದಿಸುವ ವಾಡಿಕೆಯುಂಟು. ಡಾಲ್‌ಹೌಸಿಯು ಗವರ್ನರ್ ಜನರಲ್ ಆಗಿ ಬಂದುದು 1848ರಲ್ಲಿ.) ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು, ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಈ ಎಲಿಯಟನೇ ಮುಂದೆ ಕರ್ಣಾಟಕದ ಶಾಸನಗಳ ಪ್ರತಿಗಳನ್ನು ನೂರುಗಟ್ಟಲೆ ಸಂಗ್ರಹಿಸಿ ವಿದ್ವಲ್ಲೋಕಕ್ಕೆ ಉಪಕಾರಮಾಡಿದ ವಾಲ್ಟರ್ ಎಲಿಯಟ್. ಕಿತ್ತೂರಿನವರು ಸೆರೆಯಾಳನ್ನು ಕೊಲ್ಲದೆ ಕಾಪಾಡಿದ್ದರ ಫಲದಲ್ಲಿ ಶಾಸನಶಾಸ್ತ್ರಕ್ಕೂ ಒಂದು ಪಾಲುಂಟು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವನ್ನು ಬಿಟ್ಟಳು.

ಚಿತ್ರದಲ್ಲಿ ಈ ಪತನಕ್ಕೆ ಕಾರಣರಾಗಿ ಕಾಣಿಸುವವರು ಮಲ್ಲಪ್ಪಶೆಟ್ಟಿ ವೆಂಕಟರಾಯರೆಂಬ ಇಬ್ಬರು ದ್ರೋಹಿಗಳು. ಹೆಸರುಗಳು ಕಲ್ಪಿತವಲ್ಲ, ಕಂಪನಿಯ ಪಕ್ಷವನ್ನು ಹಿಡಿದವರೆಂದು ಇವರು ಪ್ರಸಿದ್ಧರು. ದೋಷವು ಇರುವುದು ಬೇರೆ ಕಡೆ: ಕಿತ್ತೂರಿನ ಅಂತಃಕಲಹದ ಭಾರವೆಲ್ಲವೂ ಈ ಇಬ್ಬರ ಹೆಗಲ ಮೇಲೆ ಬಿದ್ದಿದೆ. ಆಮಿಷಕ್ಕೆ ಒಳಗಾದ ಇಬ್ಬರಿಲ್ಲದಿದ್ದರೆ ಕೋಟೆ ಉಳಿಯುತ್ತಿತ್ತೆಂಬ ಭಾವವು ನೋಡುವವನ ಮನಸ್ಸಿನಲ್ಲಿ ನಿಲ್ಲುತ್ತದೆ. ಈ ಅಚ್ಚು ಹೊಸದಲ್ಲ. ಇದೇ ನಿರ್ದೇಶಕರು 1959ರಲ್ಲಿ ತಮಿಳಿನಲ್ಲಿ ತೆಗೆದ ವೀರಪಾಂಡಿಯ ಕಟ್ಟಬೊಮ್ಮನ್ ಚಿತ್ರದಲ್ಲಿಯೂ ಕಪ್ಪವನ್ನು ನಿರಾಕರಿಸುವ ಪಾಳೆಯಗಾರ, ಎದುರಿಗೆ ಕಂಪನಿ, ನಡುವೆ ದ್ರೋಹಿಯಾಗಿ ಎಟ್ಟಪ್ಪನ್, ಹೀಗೆ ಇದೇ ಕಟ್ಟಡವಿದೆ. ಪಾಂಚಾಲಂಕುರಿಚ್ಚಿಗೆ ಹೊಲಿದ ಅಂಗಿಯನ್ನು ಎರಡು ವರ್ಷದ ಮೇಲೆ ಕಿತ್ತೂರಿಗೆ ತೊಡಿಸಿದಂತಾಗಿದೆ.

ಭೇದೋಪಾಯವು ಯಾರ ಮೇಲೆ ಫಲಿಸುತ್ತದೆಂಬುದನ್ನು ಕೌಟಿಲ್ಯನು ನಾಲ್ಕು ವರ್ಗ ಮಾಡಿ ಹೇಳಿದ್ದಾನೆ. ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು. ಚಿತ್ರಕ್ಕೆ ಗೊತ್ತಿರುವುದು ಲುಬ್ಧವರ್ಗವೊಂದೇ. ಮಿಕ್ಕ ಮೂವರನ್ನು ಕಾಣಬೇಕಾದರೆ ಅರಮನೆಯಿಂದ ಹೊರಬಿದ್ದು ದೇಗಾಂವದಂತಹ ಹಳ್ಳಿಗಳ ಚಾವಡಿಗಳನ್ನು ಹೊಗಬೇಕು. 1829-30ರ ಸಂಗೊಳ್ಳಿ ರಾಯಣ್ಣನ ಬಂಡಾಯವು ಇದನ್ನು ನಿಚ್ಚಳವಾಗಿ ತೋರಿಸುತ್ತದೆ. ರಾಯಣ್ಣನು ಶೇತಸನದಿಯಾಗಿದ್ದವನು, ಊರಿನ ಕಾವಲುಚಾಕರಿಗಾಗಿ ಬಂದ ಹೊಲಕ್ಕೆ ಹೊಸ ಸರಕಾರವು ಕೈಹಾಕಿದುದು ಅವನ ಸಿಟ್ಟಿಗೆ ಒಂದು ಕಾರಣವೆನ್ನುತ್ತಾರೆ. ದತ್ತಕ ಶಿವಲಿಂಗಪ್ಪನನ್ನು ಪಟ್ಟದಲ್ಲಿ ಕೂರಿಸಬೇಕೆಂದು ಹೊರಟ ಅವನ ದಂಡು ಮೊದಲು ಏರಿಹೋದದ್ದು ಬೀಡಿ, ನಂದಗಡಗಳಂತಹ ಊರುಗಳ ಕಚೇರಿಗಳ ಮೇಲೆ. ಸುಟ್ಟದ್ದು ಭೂಮಿಯ ದಫ್ತರಗಳನ್ನು. ಹೊಲವನ್ನು ಕಳೆದುಕೊಂಡವನಿಗೆ ಆ ಕಾಗದವು ಬೇಡಿ. ಹೊಲವುಳಿದವನಿಗೆ ಅದೇ ಕಾಗದವು ಬೇಲಿ. ಒಂದೇ ಊರಿನಲ್ಲಿ ಇಬ್ಬರೂ ಇದ್ದರು. ರಾಯಣ್ಣನನ್ನು 1830ರ ಏಪ್ರಿಲಿನಲ್ಲಿ ಹಿಡಿದುಕೊಟ್ಟವರೆಂದು ಹೆಸರುಗೊಂಡಿರುವ ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡರು ಪರದೇಶದವರಲ್ಲ, ನೆರೆಯೂರಿನವರು. ಇವರನ್ನು ಬರಿಯ ಲುಬ್ಧರೆಂದು ತಳ್ಳಿಹಾಕುವುದು ಸುಲಭ. ಆದರೆ ತಮ್ಮ ಕಣ್ಣೆದುರಿಗೇ ದಫ್ತರ ಉರಿಯುತ್ತಿರುವಾಗ ಗೌಡಕಿಯ ಮನೆತನಗಳಲ್ಲಿ ಭಯವಿರಲಿಲ್ಲವೆ? ಶೇತಸನದಿಯೊಬ್ಬನು ದಂಡಾಳಾಗಿ ಬಂದು ಆಜ್ಞೆಮಾಡುವುದನ್ನು ಸಹಿಸದ ಮಾನವಿರಲಿಲ್ಲವೆ? ಭೀತನೂ ಮಾನಿಯೂ ಆದವನ ದ್ರೋಹವು ಹೊನ್ನಿಗೆ ಮಾರಿಕೊಂಡವನ ದ್ರೋಹಕ್ಕಿಂತ ಹೆಚ್ಚು ನಾಟಕೀಯವಾದುದು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನನ್ನೇ ನಾಯಕನನ್ನಾಗಿಸಿಕೊಂಡು 1967ರಲ್ಲಿಯೂ 2012ರಲ್ಲಿಯೂ ಚಿತ್ರಗಳು ಬಂದುವು. ಅವು ಬೇರೆಯಾಗಿ ವಿಮರ್ಶೆಗೆ ಅರ್ಹವಾದುವು.

ಅಂತರ್ಯುದ್ಧವನ್ನು ತೋರಿಸುವಾಗ ಅದರ ಮೂಲವನ್ನು ಮರೆಮಾಡುವ ಚಾಪಲ್ಯವು ಕನ್ನಡಕ್ಕೊಂದಕ್ಕೇ ಅಂಟಿದುದಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ನಡೆದ ಯುದ್ಧವನ್ನು ಕುರಿತ ಗಾನ್ ವಿತ್ ದ ವಿಂಡ್ ಚಿತ್ರವು (1939) ದಾಸ್ಯದ ಪ್ರಶ್ನೆಯನ್ನು ಶೃಂಗಾರದ ಪರದೆಯ ಹಿಂದೆ ಸರಿಸಿತು. ಅಲ್ಲಿ ಶೃಂಗಾರವು ಮಾಡಿದುದನ್ನು ಇಲ್ಲಿ ವೀರವು ಮಾಡಿದೆ.

ಕನ್ನಡಕ್ಕಾದರೋ ಇದಕ್ಕಿಂತ ಮೇಲಾದ ಮಾದರಿಯು ಮನೆಯಲ್ಲಿಯೇ ಇದ್ದಿತು. ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ದಾಯಾದಿಗಳ ಯುದ್ಧವನ್ನು ಬಣ್ಣಿಸಿದನು. ಗದಾಯುದ್ಧದ ನಾಯಕನು ಭೀಮ. ಭೀಮನಲ್ಲಿ ಕವಿಯು ಕಂಡದ್ದು ತನ್ನ ಒಡೆಯ ಸತ್ಯಾಶ್ರಯನನ್ನು. ಹೀಗಿದ್ದರೂ ದುರ್ಯೋಧನನನ್ನು ಅವನು ಒಣ ಖಳನನ್ನಾಗಿ ಮಾಡಲಿಲ್ಲ. ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನೂ ತಮ್ಮನನ್ನೂ ಮಗನನ್ನೂ ಕರ್ಣನನ್ನೂ ಕಂಡು ಮರುಗುವ ಆ ಅರಸನು, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಸಾಹಸವನ್ನು ಹೊಗಳುತ್ತಾನೆ. ಇದರಿಂದ ಭೀಮನ ಗೆಲವು ಕಿರಿದಾಗಲಿಲ್ಲ. ಅದಕ್ಕೆ ತೂಕ ಬಂದಿತು. ಪ್ರತಿನಾಯಕನು ಧೀರೋದ್ಧತನೂ ಲುಬ್ಧನೂ ವ್ಯಸನಿಯೂ ಆಗಿರುವನೆಂದು ಶಾಸ್ತ್ರವು ಲಕ್ಷಣ ಹೇಳುತ್ತದೆಯಾದರೂ ಲೋಭವೊಂದರಿಂದಲೇ ಪ್ರತಿನಾಯಕತ್ವವು ಸಿದ್ಧಿಸುವುದಿಲ್ಲ. ಮಲ್ಲಪ್ಪಶೆಟ್ಟಿಗೆ ಚಿತ್ರದಲ್ಲಿ ಔದ್ಧತ್ಯವೂ ಇಲ್ಲ, ಒಳಗುದಿಯೂ ಇಲ್ಲ. ಅವನು ಕಥೆಯನ್ನು ಮುಂದೂಡುವ ಮೀಟುಗೋಲು. ಚೆನ್ನಮ್ಮನಿಗೆ ಸಮಾನನಾದ ಎದುರಾಳಿಯು ಒಳಗೂ ಇಲ್ಲದೆ ಹೋದುದರಿಂದ ಆಕೆಯ ಉತ್ಸಾಹವು ಸಂವಾದಗಳಲ್ಲಿ ಉಕ್ಕುತ್ತದೆಯೇ ಹೊರತು ಸಂಕಟದಲ್ಲಿ ಪರೀಕ್ಷೆಗೊಳ್ಳುವುದಿಲ್ಲ. ವೀರಕ್ಕೆ ಅಂಗವಾಗಿ ಬರಬೇಕಾಗಿದ್ದ ಕರುಣವು ಬಡವಾಗಿದೆ.

ಚಿತ್ರದ ಗುಣವನ್ನು ಹೇಳದಿರುವುದೂ ಅನ್ಯಾಯ. ನಾಡು ಒಂದಾಗಿ ಐದೇ ವರ್ಷ ಕಳೆದಿದ್ದಾಗ ಮೈಸೂರು ಸೀಮೆಯ ಪ್ರೇಕ್ಷಕರಿಗೆ ಬೆಳಗಾವಿ ಸೀಮೆಯ ರಾಣಿಯನ್ನು ತಮ್ಮವಳೆಂದು ಪರಿಚಯಿಸಿಕೊಟ್ಟುದು ಅಲ್ಪಕಾರ್ಯವಲ್ಲ. ಸರೋಜಾದೇವಿಯವರ ನಿಲುವಿನಲ್ಲಿ ಗಾಂಭೀರ್ಯವಿದೆ. ಮಲ್ಲಸರ್ಜನ ಪಾತ್ರವು ಹಿತಮಿತವಾಗಿದೆ. ಆದರೆ ಮುಖ್ಯಪಾತ್ರಗಳು ಆಡುವ ಭಾಷೆಯು ಪುಸ್ತಕದ್ದು. ಮಲಪ್ರಭೆಯ ಆಚೀಚೆಯ ನುಡಿಯ ಕಸುವು ಅದರಲ್ಲಿ ಕೇಳಿಸುವುದಿಲ್ಲ. ಫ್ಲೀಟನು 1880ರ ದಶಕದಲ್ಲಿ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚುಹಾಕಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯ ಲಾವಣಿಯೂ ಇದೆ. ಅಲ್ಲಿ ಊರುಗಳು ಹೆಸರು ಹಿಡಿದು ಬರುತ್ತವೆ, ಗೌಡರು ಹೆಸರು ಹಿಡಿದು ಬರುತ್ತಾರೆ. ಸಂವಾದವನ್ನು ಬರೆಯುವ ಮೊದಲು ಆ ಲಾವಣಿಯನ್ನು ಹಾಡುವವರ ಬಾಯಿಂದ ಒಮ್ಮೆ ಕೇಳಿದ್ದರೆ ಖೋದಾನಪುರದ ಚಾವಡಿಗೂ ಚಿತ್ರದಲ್ಲಿ ಒಂದು ದೃಶ್ಯದಷ್ಟು ಎಡೆ ಸಿಕ್ಕುತ್ತಿದ್ದಿತು.