ಬಾರ್ನಿಯ ಮಾತು ನಂಬುವವರಾರು?

ನಡತೆ ಕೆಟ್ಟವನೊಬ್ಬ ಸತ್ಯ ಹೇಳಿದರೆ ನಾವು ಕಿವಿಗೊಡುತ್ತೇವೆಯೇ? ಕೆನಡಾದ ಲೇಖಕ ಮೊರ್ಡೆಕಾಯ್ ರಿಚ್ಲರ್ (1931-2001) ಅವರ ಕೊನೆಯ ಕಾದಂಬರಿ ‘ಬಾರ್ನೀಸ್ ವರ್ಷನ್’ ನಮ್ಮನ್ನು ನಗಿಸುತ್ತಲೇ ಈ ಪ್ರಶ್ನೆಯ ಮುಂದೆ ತಂದು ನಿಲ್ಲಿಸುತ್ತದೆ. 1997ರಲ್ಲಿ ಪ್ರಕಟವಾಗಿ ಅದೇ ವರ್ಷ ಗಿಲ್ಲರ್ ಪ್ರಶಸ್ತಿ ಪಡೆದ ಕೃತಿಯಿದು.

ಬಾರ್ನಿ ಪನಾಫ್‌ಸ್ಕಿ ಮಾಂಟ್ರಿಯಲ್ಲಿನ ಯಹೂದಿ. ವಯಸ್ಸು 67. ಕುಡುಕ, ಬಾಯಿಹರುಕ, ಹಗೆ ಮರೆಯದವನು. ಕಳಪೆ ಟಿ.ವಿ. ಕಾರ್ಯಕ್ರಮ ಮಾರಿ ಹಣ ಮಾಡಿದವನು. ಮೂರು ಮದುವೆಯಾದರೂ ಒಬ್ಬಂಟಿ. 1960ರಲ್ಲಿ ಸರೋವರದ ದಂಡೆಯ ಅವನ ಮನೆಯಿಂದ ಜೀವದ ಗೆಳೆಯ ಬೂಗಿ ಕಾಣೆಯಾದ. ಹೆಣ ಸಿಗದ್ದರಿಂದ ಕೋರ್ಟು ಬಾರ್ನಿಯನ್ನು ಬಿಟ್ಟಿತು, ಜನ ಬಿಡಲಿಲ್ಲ. ಹಳೆಯ ಪರಿಚಯದ ಸಾಹಿತಿಯೊಬ್ಬ ಆತ್ಮಕಥೆಯಲ್ಲಿ ಈ ಗಾಯವನ್ನು ಕೆದಕಲು ಹೊರಟಾಗ ಬಾರ್ನಿ ತನ್ನ ಕಡೆಯ ಕಥೆ ಬರೆಯಲು ಕೂರುತ್ತಾನೆ.

ಆದರೆ ಸಾಕ್ಷಿದಾರನಿಗೇ ಮರೆವು. ನೂಡಲ್ಸ್ ಬಸಿಯುವ ಜರಡಿಗೆ ಏನೆನ್ನುತ್ತಾರೆಂಬುದು ಅವನಿಗೆ ಹೊಳೆಯುವುದಿಲ್ಲ. ಅವನು ತಪ್ಪಿದಲ್ಲೆಲ್ಲ ಮಗ ಮೈಕೆಲ್ ಅಡಿಟಿಪ್ಪಣಿ ಹಾಕಿ ತಿದ್ದುತ್ತಾನೆ. ಮೊದಲು ಈ ಟಿಪ್ಪಣಿಗಳಿಗೆ ನಾವು ನಗುತ್ತೇವೆ. ಬರಬರುತ್ತ ಅದು ನಗುವ ಸಂಗತಿಯಲ್ಲ ಎಂದು ಗೊತ್ತಾಗುತ್ತದೆ: ಅಪ್ಪ ಕಣ್ಣೆದುರೇ ಅಳಿಸಿಹೋಗುತ್ತಿದ್ದಾನೆ, ಮಗ ತಾರೀಖು ಸರಿಪಡಿಸುತ್ತಿದ್ದಾನೆ.

ಕೊರತೆಯೂ ಇದೆ. ಎರಡನೇ ಹೆಂಡತಿಗೆ ಬಾರ್ನಿ ಹೆಸರನ್ನೇ ಕೊಡುವುದಿಲ್ಲ. ಪುಸ್ತಕದುದ್ದಕ್ಕೂ ಅವಳು ‘ಎರಡನೇ ಶ್ರೀಮತಿ ಪನಾಫ್‌ಸ್ಕಿ’. ಅವಳ ಮಾತಿನ ಚಪಲವನ್ನು ಹಾಸ್ಯ ಮಾಡುವ ಕಾದಂಬರಿ ಅವಳ ನೋವಿನ ಬಳಿ ನಿಲ್ಲುವುದು ಕಡಿಮೆ. ಇದು ಬಾರ್ನಿಯ ಕುರುಡು ಎನ್ನಬಹುದು, ಆದರೆ ಲೇಖಕರೂ ಆ ಕುರುಡನ್ನು ಕೊಂಚ ಸವಿಯುತ್ತಾರೆ ಎಂದೇ ನಮ್ಮ ಅನಿಸಿಕೆ. ಮೂರನೆಯವಳಾದ ಮಿರಿಯಮ್‌ಳನ್ನು ಅವನು ಆರಾಧಿಸುತ್ತಾನೆ. ಆದರೂ ಅವಳಿಗೆ ದ್ರೋಹ ಬಗೆದು ಕಳೆದುಕೊಳ್ಳುತ್ತಾನೆ. ಅಲ್ಲಿ ಮಾತ್ರ ಅವನ ಕುಚೋದ್ಯಕ್ಕೆ ಮಾತು ಹೊರಡುವುದಿಲ್ಲ.

ಕೊನೆಯ ಪುಟದಲ್ಲಿ ಬೂಗಿಯ ಸಾವಿನ ಗುಟ್ಟು ಮಗನಿಗೆ ಹೊಳೆಯುತ್ತದೆ. ಅದು ಹೇಗೆಂದು ಓದುಗರೇ ಕಾಣಲಿ. ಕೊಲೆ ಮಾಡಿಲ್ಲವೆಂಬ ಬಾರ್ನಿಯ ಮಾತು ನಿಜವಾಗಿತ್ತು. ಆದರೆ ಅದನ್ನು ಕೇಳಿ ನಿಟ್ಟುಸಿರು ಬಿಡುವಷ್ಟು ನೆನಪೂ ಅವನಲ್ಲಿ ಉಳಿದಿಲ್ಲ. ಗಂಡನಾಗಿ, ಗೆಳೆಯನಾಗಿ ಅವನು ಮಾಡಿದ ತಪ್ಪುಗಳು ಇದರಿಂದ ಮಾಫಿಯಾಗುವುದಿಲ್ಲ. ಆದರೆ ಆ ತಪ್ಪುಗಳನ್ನೇ ಪುರಾವೆಯೆಂದು ತಿಳಿದು ಅವನನ್ನು ಕೊಲೆಗಾರನೆಂದವರ ಸಾಲಿನಲ್ಲಿ ಓದುಗರಾದ ನಾವೂ ಇದ್ದೆವಲ್ಲ, ಅದಕ್ಕೆ ಅಡಿಟಿಪ್ಪಣಿ ಬರೆಯುವವರು ಯಾರು?