ಹಳೆಯ ಓಟದ ಕಾರುಗಳೂ ಅವುಗಳ ರಸಿಕರೂ

ಓಟದ ಕಾರಿನಷ್ಟು ಅಲ್ಪಾಯುವಾದ ಯಂತ್ರ ಇನ್ನೊಂದಿರಲಾರದು. ಹೊಲಿಗೆಯ ಯಂತ್ರ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ. ಗೋಡೆಯ ಗಡಿಯಾರ ಮೂರು ತಲೆಮಾರು ಕಾಣುತ್ತದೆ. ಓಟದ ಕಾರಾದರೋ ಒಂದು ವರ್ಷ ಗೆದ್ದು, ಮರುವರ್ಷ ಸೋತು, ಮೂರನೆಯ ವರ್ಷ ಮೂಲೆ ಸೇರುವ ವಸ್ತು. ಇತರರಿಗಿಂತ ವೇಗವಾಗಿ ಓಡುವುದೊಂದೇ ಅದರ ಹುಟ್ಟಿನ ಉದ್ದೇಶವಾದ್ದರಿಂದ, ಆ ವೇಗವನ್ನು ಇನ್ನೊಂದು ಮೀರಿಸಿದೊಡನೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ಹೀಗಿರುವಾಗ, ಅರವತ್ತು ಎಪ್ಪತ್ತು ವರ್ಷಗಳ ಹಿಂದೆಯೇ ಸೋತು ಮುಗಿದ ಕಾರುಗಳನ್ನು ನೋಡಲು ಇಂದು ಲಕ್ಷಕ್ಕೂ ಮಿಕ್ಕಿ ಜನ ಹಣ ಕೊಟ್ಟು ಹೋಗುತ್ತಾರೆಂದರೆ, ಅವರು ನೋಡಲು ಹೋಗುವುದು ಏನನ್ನು? ವೇಗವನ್ನಂತೂ ಅಲ್ಲ.

ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಮೂರು ದಿನ ನಡೆಯುವ 'ರಿವೈವಲ್' ಎಂಬ ಉತ್ಸವವನ್ನು ಕೆಲವು ವರ್ಷಗಳಿಂದ ಬೆಂಗಳೂರಿನ ಮನೆಯಲ್ಲಿ ಪರದೆಯ ಮುಂದೆ ಕುಳಿತು ನೋಡುತ್ತ ಬಂದಿದ್ದೇನೆ. ಮೋಟಾರಿನ ಬಗ್ಗೆ ನನಗಿರುವುದು ಕೇವಲ ಪ್ರೇಕ್ಷಕನ ಅರಿವು. ಆದರೆ ಇದನ್ನು ಒಂದು ಕಲಾಪ್ರದರ್ಶನವೆಂದು ನೋಡುವುದಕ್ಕೂ ಅಳೆಯುವುದಕ್ಕೂ ಅಷ್ಟು ಸಾಕೆಂದು ಭಾವಿಸುತ್ತೇನೆ. ಏಕೆಂದರೆ ಅಲ್ಲಿ ನಡೆಯುವುದು ಅರ್ಧ ಪಂದ್ಯ, ಅರ್ಧ ನಾಟಕ.

ಸಸೆಕ್ಸ್ ಪ್ರಾಂತದ ಗುಡ್‌ವುಡ್ ಒಬ್ಬ ಡ್ಯೂಕನ ಜಮೀನು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಿಮಾನನೆಲೆ ಇತ್ತು. ಯುದ್ಧ ಮುಗಿದ ಮೇಲೆ ಆ ನೆಲೆಯ ಸುತ್ತುರಸ್ತೆಯನ್ನೇ 2.4 ಮೈಲಿಯ ಓಟದ ಹಾದಿಯಾಗಿ ಮಾಡಿ, 1948ರ ಸೆಪ್ಟೆಂಬರ್ 18ರಂದು ಮೊದಲ ಪಂದ್ಯ ನಡೆಸಿದರು. ಹಿಂದಿನ ದಿನವಷ್ಟೆ ಹತ್ತೊಂಬತ್ತು ತುಂಬಿದ್ದ ಸ್ಟರ್ಲಿಂಗ್ ಮಾಸ್ ಎಂಬ ಹುಡುಗ ಅಂದು ಪುಟ್ಟ ಕೂಪರ್ ಕಾರಿನಲ್ಲಿ ಒಂದು ಪಂದ್ಯ ಗೆದ್ದ. 1966ರಲ್ಲಿ ಅಲ್ಲಿ ಓಟ ನಿಂತಿತು. ಕಾರುಗಳ ವೇಗ ಹಾದಿಯನ್ನು ಮೀರಿ ಬೆಳೆದಿತ್ತು. ಮತ್ತೆ ಅದನ್ನು ತೆರೆದದ್ದು 1998ರ ಸೆಪ್ಟೆಂಬರ್ 18ರಂದು, ಸರಿಯಾಗಿ ಐವತ್ತು ವರ್ಷಕ್ಕೆ. ಅಲ್ಲಿ ಓಡುವುದು ಆ ಹದಿನೆಂಟು ವರ್ಷಗಳ ಕಾಲಕ್ಕೆ ಒಪ್ಪುವ ಕಾರುಗಳು ಮಾತ್ರ. ಉತ್ಸವದ ದಿನಗಳಲ್ಲಿ ಹಾದಿಯ ಆವರಣದೊಳಕ್ಕೆ ಇಂದಿನ ವಾಹನ ಬರುವಂತಿಲ್ಲ. ಪ್ರೇಕ್ಷಕರೂ ಆ ಕಾಲದ ಉಡುಪಿನಲ್ಲಿಯೇ ಬರಬೇಕೆಂದು ಕೋರಿಕೆ. ಬಹುಮಂದಿ ಹಾಗೆಯೇ ಬರುತ್ತಾರೆ.

ಈ ವೇಷದ ಮಾತನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದವರು ನಟರು. ಪ್ರೇಕ್ಷಕ ತನ್ನ ಪಂಚೆ ಕೋಟಿನಲ್ಲಿಯೇ ಬಂದು ಕುಳಿತು, ರಾಜನನ್ನು ರಾಜನೆಂದು ನಂಬಿ, ಮುಗಿದ ಮೇಲೆ ಮನೆಗೆ ಹೋಗುತ್ತಿದ್ದ. ಗುಡ್‌ವುಡ್‌ನಲ್ಲಿ ಪ್ರೇಕ್ಷಕನೇ ಪಾತ್ರಧಾರಿ. ಟ್ವೀಡ್ ಕೋಟು, ಫೆಲ್ಟ್ ಟೋಪಿ, ವಾಯುದಳದ ಸಮವಸ್ತ್ರ, ಹೆಂಗಸರಾದರೆ ಬಿಳಿ ಕೈಗವುಸು, ಚುಕ್ಕೆಯ ಗೌನು. ಹೀಗೆ ಹೊರಟ ಸಾವಿರಾರು ಜನರ ನಡುವೆ ಹಸಿರು, ಕೆಂಪು, ಬೆಳ್ಳಿಬಣ್ಣದ ಕಾರುಗಳು ನಿಂತಾಗ ಕಣ್ಣಿಗೆ ಹಬ್ಬವೆಂಬುದನ್ನು ಒಪ್ಪಲೇಬೇಕು. ಆದರೆ ಇವರು ಉಟ್ಟು ಬಂದದ್ದು ಯಾರ ಭೂತಕಾಲ? 1948ರಲ್ಲಿ ಇಂಗ್ಲೆಂಡಿನಲ್ಲಿ ಬಟ್ಟೆಗೆ ಪಡಿತರವಿತ್ತು. ಅದು ತೆಗೆದದ್ದು 1949ರಲ್ಲಿ. ಪೆಟ್ರೋಲಿಗೆ 1950ರವರೆಗೆ, ಮಾಂಸಕ್ಕೆ 1954ರವರೆಗೆ ಪಡಿತರವಿತ್ತು. ಅಂದಿನ ಪ್ರೇಕ್ಷಕ ಇದ್ದ ಒಂದು ಕೋಟನ್ನೇ ತೇಪೆ ಹಾಕಿಸಿ ತೊಟ್ಟು ಬಂದಿದ್ದ. ಇಂದಿನವನು ತನ್ನಲ್ಲಿ ಇಲ್ಲದ ಕೋಟನ್ನು ಬಾಡಿಗೆಗೆ ತಂದು ತೊಟ್ಟಿದ್ದಾನೆ. ಬಡತನವನ್ನು ಕಳೆದು ಉಳಿದದ್ದನ್ನು ಮಾತ್ರ ನೆನೆಯುವ ಈ ನೆನಪು ಇತಿಹಾಸವಲ್ಲ, ಅಲಂಕಾರ. ಅಲಂಕಾರಕ್ಕೂ ಒಂದು ಬೆಲೆಯಿದೆ, ಹೌದು; ಆದರೆ ಅದನ್ನೇ ಇತಿಹಾಸವೆಂದು ಮಾರಬಾರದು.

ಓಟ ಆರಂಭವಾದೊಡನೆ ಮಾತ್ರ ಈ ತಕರಾರೆಲ್ಲ ಮರೆತುಹೋಗುತ್ತದೆ. ಇದು ಮೆರವಣಿಗೆಯಲ್ಲ, ನಿಜವಾದ ಪಂದ್ಯ. ಗೆಲ್ಲಬೇಕೆಂಬ ಹಟ ಇದೆ, ತಾಗಾಟವಿದೆ, ಮುರಿತವಿದೆ. ಇಂದಿನ ಫಾರ್ಮುಲಾ ಒಂದರ ಕಾರು ಇದಕ್ಕಿಂತ ಎಷ್ಟೋ ಪಾಲು ವೇಗದ್ದು. ಆದರೆ ಅದು ಹಳಿಯ ಮೇಲೆ ಸಾಗಿದಂತೆ ಸಾಗುತ್ತದೆ, ಚಾಲಕನ ಶ್ರಮ ನಮಗೆ ಕಾಣುವುದಿಲ್ಲ. 2018ರಿಂದ ಅವನ ತಲೆಯ ಸುತ್ತ 'ಹೇಲೋ' ಎಂಬ ಕಮಾನು ಬಂದ ಮೇಲಂತೂ ಶಿರಸ್ತ್ರಾಣದ ತುದಿಯೂ ಕಷ್ಟದಿಂದ ಕಂಡೀತು. ಐವತ್ತರ ದಶಕದ ಮ್ಯಾಸೆರಾಟಿಯನ್ನು ನೋಡಿ: ಚಾಲಕ ಸೊಂಟದವರೆಗೆ ಬಯಲಿನಲ್ಲಿ ಕುಳಿತಿದ್ದಾನೆ. ತಿರುವಿನಲ್ಲಿ ಸಣಕಲು ಚಕ್ರಗಳು ನಾಲ್ಕೂ ಒಟ್ಟಿಗೆ ಜಾರುತ್ತವೆ; ಕಾರು ಒಂದು ದಿಕ್ಕಿಗೆ ಮುಖ ಮಾಡಿ ಇನ್ನೊಂದು ದಿಕ್ಕಿಗೆ ಸಾಗುತ್ತದೆ; ಅವನ ಮೊಳಕೈ ಅತ್ತಿತ್ತ ಆಡುತ್ತದೆ, ಪಾದದ ಒತ್ತಡದಿಂದಲೇ ಕಾರಿನ ಬಾಲವನ್ನು ತಿದ್ದುತ್ತಾನೆ. ವೀಣೆಯ ತಂತಿಯ ಮೇಲೆ ಬೆರಳು ಜಾರುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದವರಿಗೆ ಇದರ ಸುಖ ತಿಳಿಯುತ್ತದೆ. ಕಲೆ ಕೈಯಲ್ಲಿ ಕಾಣುತ್ತದೆ. ಹಳೆಯ ಕಾರುಗಳ ಆಕರ್ಷಣೆಗೆ ಇದೇ ಮೊದಲ ಕಾರಣವೆಂದು ನನ್ನ ಮತ; ಹಳೆಯತನ ಎರಡನೆಯದು.

ಧ್ವನಿಯ ಮಾತನ್ನೂ ಹೇಳಬೇಕು. ಬಿ.ಆರ್.ಎಂ. ಎಂಬ ಕಾರಿಗೆ ಕೇವಲ ಒಂದೂವರೆ ಲೀಟರಿನ ಎಂಜಿನ್ನು, ಆದರೆ ಸಿಲಿಂಡರು ಹದಿನಾರು. ಇಡೀ ಇಂಗ್ಲೆಂಡಿನ ಮಾನ ಕಾಪಾಡಬೇಕಾಗಿದ್ದ ಆ ಕಾರು 1950ರ ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಆರಂಭದ ಗೆರೆಯ ಮೇಲೆಯೇ ಮುರಿದು ನಿಂತಿತು; ಸಿಟ್ಟಿಗೆದ್ದ ಜನ ಅದರತ್ತ ಚಿಲ್ಲರೆ ಕಾಸು ಎಸೆದರು. ಮರುತಿಂಗಳೇ ಗುಡ್‌ವುಡ್‌ನ ಮಳೆಯಲ್ಲಿ ರೆಗ್ ಪಾರ್ನೆಲ್ ಅದರಲ್ಲಿ ಎರಡು ಪಂದ್ಯ ಗೆದ್ದ. ಒಟ್ಟಿನಲ್ಲಿ ಸೋತ ಕಾರೇ ಸರಿ. ಆದರೂ ಇಂದು ಅದು ಕೂಗಿದರೆ ಜನ ಕೈಯಲ್ಲಿದ್ದ ಚಹಾ ಮರೆತು ಬೇಲಿಯ ಬಳಿಗೆ ಓಡುತ್ತಾರೆ. ಗೆದ್ದದ್ದು ಯಾರು ಎಂಬುದು ಅವರಿಗೆ ಬೇಡ. ಆ ಕೂಗು ಬೇಕು. ಇದನ್ನು ಕಂಡಾಗ, ಓಟದ ಕಾರು ಉಪಯೋಗದ ವಸ್ತುವಾಗಿ ಸತ್ತು ರಸದ ವಸ್ತುವಾಗಿ ಹುಟ್ಟಿದೆಯೆಂದು ನನಗೆ ಅನ್ನಿಸಿತು.

ಪರದೆಯಲ್ಲಿ ಬಾರದೆ ಉಳಿಯುವುದು ವಾಸನೆ. ಹಳೆಯ ಓಟದ ಎಂಜಿನ್ನುಗಳಿಗೆ ಹಾಕುತ್ತಿದ್ದ ಎಣ್ಣೆ ಹರಳೆಣ್ಣೆಯಿಂದ ಮಾಡಿದ್ದು. ಅದು ಸುಟ್ಟಾಗ ಬರುವ ವಾಸನೆಯನ್ನು ಇಂಗ್ಲಿಷರು ಅತ್ತರೆಂಬಂತೆ ವರ್ಣಿಸುತ್ತಾರೆ. ಬಾಲ್ಯದಲ್ಲಿ ತಿಂಗಳಿಗೊಮ್ಮೆ ಮೂಗು ಹಿಡಿದು ಹರಳೆಣ್ಣೆ ಕುಡಿದ ನಮ್ಮ ಪೀಳಿಗೆಗೆ ಈ ರಸಿಕತೆ ಒಲಿಯುವುದು ಕಷ್ಟ!

ಇನ್ನು ಇದರಲ್ಲಿರುವ ದೊಡ್ಡ ಪ್ರಶ್ನೆಗೆ ಬರೋಣ. ಜನ ಕಾಣುವ ಕಾರು ನಿಜವಾಗಿ ಹಳೆಯ ಕಾರೇ? ಓಟದಲ್ಲಿ ಮುರಿದದ್ದನ್ನು ಬದಲಿಸಲೇಬೇಕು. ಬೆಂಟ್ಲಿ ಕಂಪನಿಯ 'ಓಲ್ಡ್ ನಂಬರ್ ಒನ್' ಎಂಬ ಕಾರು 1929 ಮತ್ತು 1930ರಲ್ಲಿ ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಯ ಓಟ ಗೆದ್ದಿತು. ಆಮೇಲೆ ಎಂಜಿನ್ನು ಬದಲಾಯಿತು, ಮೈ ಬದಲಾಯಿತು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕ್ಲೈವ್ ಡನ್‌ಫೀ ಅದರಲ್ಲಿಯೇ ಸತ್ತ, ಮತ್ತೆ ಕಟ್ಟಿದರು. ಅದನ್ನು ಭಾರಿ ಬೆಲೆಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲವೆಂದು ಹಿಂದೆಗೆದಾಗ, 1990ರಲ್ಲಿ ಲಂಡನ್ನಿನ ನ್ಯಾಯಾಲಯ ವಿಚಾರಿಸಬೇಕಾಯಿತು. 1930ರ ಕಾರಿನದೆಂದು ನ್ಯಾಯಾಧೀಶರು ಒಪ್ಪಿದ್ದು ಗೇರ್ ಪೆಟ್ಟಿಗೆಯ ಕವಚ, ಪೆಡಲಿನ ದಂಡ, ಸ್ಟಿಯರಿಂಗ್ ಕಂಬ, ಇಂಥ ಕೆಲವನ್ನು ಮಾತ್ರ. ಆದರೂ ಅವರ ತೀರ್ಪು: ಕಾರಿನ ಚರಿತ್ರೆ ಎಲ್ಲಿಯೂ ಕಡಿದಿಲ್ಲ, ಬದಲಾಗುತ್ತ ಬಂದದ್ದು ಇದೇ ಕಾರು, ಆದ್ದರಿಂದ ಇದೇ 'ಓಲ್ಡ್ ನಂಬರ್ ಒನ್'.

ಪಾಶ್ಚಾತ್ಯ ಪಂಡಿತರು ಈ ತೀರ್ಪನ್ನು ಹಿಡಿದು ತತ್ತ್ವಶಾಸ್ತ್ರ ಮಾಡಿದರು. ನಮಗೆ ಅಷ್ಟು ತ್ರಾಸವಿಲ್ಲ. ಊರ ತೇರಿನ ಗಾಲಿ ಸವೆದರೆ ಹೊಸದು ಮಾಡಿಸುತ್ತೇವೆ. ಅಚ್ಚು ಮುರಿದರೆ ಅಚ್ಚು, ಹಲಗೆ ಹುಳು ತಿಂದರೆ ಹಲಗೆ. ನೂರು ವರ್ಷದಲ್ಲಿ ಹಳೆಯ ಮರದ ತುಂಡೂ ಉಳಿದಿರುವುದಿಲ್ಲ. ಆದರೂ ಅದು ಅಜ್ಜ ಎಳೆದ ತೇರೇ, ಏಕೆಂದರೆ ಎಳೆಯುವುದನ್ನು ಯಾವ ವರ್ಷವೂ ಬಿಟ್ಟಿಲ್ಲ. ಆದರೆ ಯಾರೋ ಶ್ರೀಮಂತ ಅದೇ ಅಳತೆಯಲ್ಲಿ ಇನ್ನೊಂದು ತೇರು ಮಾಡಿಸಿ ತನ್ನ ಬಂಗಲೆಯ ಮುಂದೆ ನಿಲ್ಲಿಸಿದರೆ, ಅದಕ್ಕೆ ಯಾರೂ ಹಣ್ಣು ದವನ ಎಸೆಯುವುದಿಲ್ಲ. ಹಳೆಯ ನಕ್ಷೆ ನೋಡಿ ಹೊಸದಾಗಿ ಕಟ್ಟಿದ 'ಮುಂದುವರಿಕೆ'ಯ ಕಾರುಗಳು ಈಗೀಗ ಬಹಳವಾಗಿವೆ. ಅವುಗಳ ಕುಶಲತೆಯನ್ನು ಹೊಗಳುತ್ತೇನೆ, ಆದರೆ ಅವಕ್ಕೆ ಹಳೆಯದರ ಹೆಸರು ಕೊಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಈ ವಿವಾದವನ್ನು ಇಷ್ಟು ಬಿಸಿ ಮಾಡಿದ್ದು ಹಣ. ಮೂವತ್ತಾರೇ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುವ ಫೆರಾರಿ 250 ಜಿ.ಟಿ.ಓ. ಕಾರುಗಳಲ್ಲಿ ಒಂದು 2018ರಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹರಾಜಾಯಿತು. 1955ರ ಒಂದು ಮರ್ಸಿಡಿಸ್ 2022ರಲ್ಲಿ 13 ಕೋಟಿ 50 ಲಕ್ಷ ಯೂರೋಗೆ ಹೋಯಿತು. ಇಂಥ ಕಾರನ್ನು ಓಡಿಸಬೇಕೆ, ಗಾಜಿನೊಳಗೆ ಇಡಬೇಕೆ? 2022ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ, ನಿಕಿ ಲೌಡಾ 1974ರಲ್ಲಿ ಓಡಿಸಿದ್ದ ಫೆರಾರಿಯನ್ನು ಇಂದಿನ ಚಾಲಕ ಶಾರ್ಲ್ ಲೆಕ್ಲರ್ಕ್ ಓಡಿಸಹೋಗಿ, ಬ್ರೇಕು ಕೈಕೊಟ್ಟು ಗೋಡೆಗೆ ಗುದ್ದಿದ. ಅಯ್ಯೋ ಎಂದವರು ಅನೇಕರು. ನನಗೇನೋ ಆ ಕಾರು ಅಂದು ಬದುಕಿತ್ತೆನ್ನಿಸಿತು. ಮುರಿಯಬಾರದೆಂದು ವೀಣೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನನ್ನು ನಾವು ಸಂಗೀತಗಾರನೆನ್ನುತ್ತೇವೆಯೆ?

ಆದರೆ ಈ ಮಾತು ಕಾರಿಗೆ ಸಲ್ಲುತ್ತದೆ, ಮನುಷ್ಯನಿಗೆ ಸಲ್ಲುವುದಿಲ್ಲ. ಇಲ್ಲಿಯೇ ಈ ರಸಿಕರ ಮೇಲೆ ನನ್ನ ನಿಜವಾದ ಆಕ್ಷೇಪ. 'ಆ ಕಾಲದ ಓಟವೇ ಓಟ, ಅಂದು ಗಂಡಸರಿದ್ದರು' ಎಂಬ ಮಾತು ಇವರ ನಡುವೆ ಸುಲಭವಾಗಿ ಬರುತ್ತದೆ. ಇಟಲಿಯ 'ಮಿಲ್ಲೆ ಮಿಲ್ಯಾ' ಸಾವಿರ ಮೈಲಿಯ ಓಟ. 1955ರಲ್ಲಿ ಮಾಸ್ ಅದನ್ನು 10 ಗಂಟೆ 7 ನಿಮಿಷದಲ್ಲಿ ಮುಗಿಸಿದ್ದನ್ನು ಪುರಾಣದಂತೆ ಹೇಳುತ್ತಾರೆ. ಎರಡೇ ವರ್ಷದಲ್ಲಿ, 1957ರಲ್ಲಿ, ಅದೇ ಓಟದಲ್ಲಿ ಫೆರಾರಿಯೊಂದರ ಚಕ್ರ ಒಡೆದು ಇಬ್ಬರು ಸವಾರರೂ ಹಾದಿಯ ಬದಿಯ ಒಂಬತ್ತು ಮಂದಿಯೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಓಟ ಅಲ್ಲಿಗೆ ಮುಗಿಯಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳು ನಿಧಾನವಾಗಿ, ಗಡಿಯಾರ ನೋಡಿಕೊಂಡು ಸಾಗುತ್ತವೆ. ಮಕ್ಕಳು ಬಾವುಟ ಬೀಸುತ್ತಾರೆ. 2023ರ 'ಫೆರಾರಿ' ಚಲನಚಿತ್ರ ಆ ಅಪಘಾತವನ್ನು ಮರೆಮಾಚದೆ ತೋರಿಸಿತು. ಉತ್ಸವಗಳು ಆ ಪ್ರಾಮಾಣಿಕತೆಯ ಕಾಲುಭಾಗವನ್ನಾದರೂ ಕಲಿಯಬಹುದಾಗಿತ್ತು.

ಮಾಸ್‌ನ ಕಥೆಯನ್ನೇ ತೆಗೆದುಕೊಳ್ಳಿ. 1962ರ ಏಪ್ರಿಲ್ 23ರಂದು, ತಾನು ಹಿಂದೆ ಗೆದ್ದಿದ್ದ ಗುಡ್‌ವುಡ್‌ನಲ್ಲಿಯೇ, ಸೇಂಟ್ ಮೇರೀಸ್ ತಿರುವಿನ ಬಳಿ ಅವನ ಲೋಟಸ್ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಒಂದು ತಿಂಗಳು ಎಚ್ಚರವಿರಲಿಲ್ಲ. ಎಡಮೈ ಆರು ತಿಂಗಳು ಸ್ವಾಧೀನದಲ್ಲಿರಲಿಲ್ಲ. ಮೂವತ್ತೆರಡನೆಯ ವಯಸ್ಸಿಗೆ ಅವನ ದೊಡ್ಡ ಓಟ ಮುಗಿಯಿತು. ಮುಂದೆ ಅದೇ ಮನುಷ್ಯ ಹಳೆಯ ಕಾರುಗಳ ಪಂದ್ಯಗಳಿಗೆ ಮರಳಿ, ಎಂಬತ್ತೊಂದರ ವಯಸ್ಸಿನವರೆಗೆ, 2011ರವರೆಗೆ, ಓಡಿಸಿದ. 2009ರಲ್ಲಿ ಗುಡ್‌ವುಡ್ ಅವನ ಎಂಬತ್ತನೆಯ ಹುಟ್ಟುಹಬ್ಬ ಆಚರಿಸಿತು. ತನ್ನನ್ನು ಮುರಿದ ನೆಲಕ್ಕೆ ಅತಿಥಿಯಾಗಿ ಬಂದು ಕೈಬೀಸಿದವನ ಮನಸ್ಸಿನಲ್ಲಿ ಏನಿತ್ತೋ! 2020ರಲ್ಲಿ ಅವನು ತೀರಿಕೊಂಡ. ಅವನನ್ನು ಕಣ್ಣಾರೆ ಕಂಡವರೂ ಈಗ ವಿರಳ.

ಆದ್ದರಿಂದ ಈಗಿನ ರಸಿಕನಿಗೆ ಇದು ನೆನಪಲ್ಲ, ಕಲಿತ ರುಚಿ. ಇದರಲ್ಲಿ ಎರಡು ತರಗತಿ ಕಾಣುತ್ತೇನೆ. 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ತನ್ನಲ್ಲಿ ಸರಿಯಾದ ಜನರಿದ್ದಾರೆ, ನೂಕುನುಗ್ಗಲಿಲ್ಲ ಎಂದು ಜಾಹೀರಾತು ಮಾಡುತ್ತಿತ್ತು. ಆ ದೊಡ್ಡಸ್ತಿಕೆಯ ವಂಶ ಇನ್ನೂ ಇದೆ. ಇನ್ನೊಂದು, 1934ರಲ್ಲಿ ಹೆಚ್ಚು ಹಣವಿಲ್ಲದವರಿಗೆಂದೇ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ವಂಶ: ತಗಡಿನ ಶೆಡ್ಡಿನಲ್ಲಿ ಪುಟ್ಟ ಆಸ್ಟಿನ್ ಸೆವೆನ್ ಬಿಚ್ಚಿ ಜೋಡಿಸಿ, ಭಾನುವಾರ ಪ್ರೆಸ್ಕಾಟ್ ಬೆಟ್ಟ ಹತ್ತಿಸಿ, ಸಂಜೆ ಅದರಲ್ಲಿಯೇ ಮನೆಗೆ ಹೋಗುವವರು. ಸಹೃದಯರೆಂದರೆ ಇವರು. ನಮ್ಮ ಕಡೆ ಮದರಾಸಿನ ಬಳಿಯ ಶೋಳವರಂನಲ್ಲಿ, ಅದೂ ಯುದ್ಧಕಾಲದ ವಿಮಾನದ ಹಾದಿಯೇ, ಅಂಬಾಸಡರ್, ಫಿಯಟ್, ಹೆರಾಲ್ಡ್ ಕಾರುಗಳನ್ನು ಓಡಿಸುತ್ತಿದ್ದವರೂ ಇದೇ ಜಾತಿ. ಬೆಂಗಳೂರಿನಿಂದಲೂ ಜನ ಹೋಗುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ಹೊಸ ಹಾದಿ ಬಂದಿತು. ಶೋಳವರಂಗೆ ಮಾತ್ರ ಯಾರೂ 'ರಿವೈವಲ್' ಮಾಡಲಿಲ್ಲ.

ಗುಡ್‌ವುಡ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಕ್ಕಳ ಪಂದ್ಯ. ಆಸ್ಟಿನ್ ಜೆ40 ಎಂಬ ತುಳಿಯುವ ಕಾರುಗಳು. ಬಿಳಿ ಮೇಲಂಗಿ ತೊಟ್ಟ ಮಕ್ಕಳು ಓಡಿಬಂದು ಹತ್ತಿ, ನಾಲಗೆ ಕಚ್ಚಿಕೊಂಡು ತುಳಿಯುತ್ತಾರೆ. ಈ ಕಾರುಗಳನ್ನು 1949ರಿಂದ 1971ರವರೆಗೆ ವೇಲ್ಸಿನ ಬಾರ್ಗೋಡ್‌ನಲ್ಲಿ ಮಾಡುತ್ತಿದ್ದರು. ಮಾಡಿದವರು ಕಲ್ಲಿದ್ದಲ ಗಣಿಯಲ್ಲಿ ದುಡಿದು, ಧೂಳಿನಿಂದ ಶ್ವಾಸಕೋಶ ಕೆಟ್ಟು, ಮತ್ತೆ ಗಣಿಗಿಳಿಯಲಾರದೆ ಉಳಿದ ಕೆಲಸಗಾರರು. ಬಳಸಿದ ತಗಡು ದೊಡ್ಡ ಕಾರುಗಳ ಕಾರ್ಖಾನೆಯಲ್ಲಿ ಮಿಕ್ಕ ಚೂರು. ಒಟ್ಟು ಸುಮಾರು 32 ಸಾವಿರ ಕಾರು ಅವರ ಕೈಯಿಂದ ಬಂದವು. ಪಂದ್ಯದ ದಿನ ಅವುಗಳ ದೀಪ ಉಜ್ಜಿ, ಹೊಸ ಬಣ್ಣ ಬಳಿದು, ಸಾಲಾಗಿ ನಿಲ್ಲಿಸಿರುತ್ತಾರೆ.